ಗೆದ್ದ ಮತ, ಹೋದ ಗದ್ದುಗೆ

1940ರ ಮೇ 8, ಬುಧವಾರ. ರಾತ್ರಿ ಹನ್ನೊಂದು ದಾಟಿತ್ತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಬ್ರಿಟಿಷ್ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್ ಕಿಕ್ಕಿರಿದು ತುಂಬಿತ್ತು. ಮತ ಎಣಿಕೆ ಮುಗಿದು ಫಲಿತಾಂಶವನ್ನು ಓದಿದರು. ಸರ್ಕಾರದ ಪರ 281, ವಿರುದ್ಧ 200. ಕೂಡಿ ಕಳೆಯಲು ಬಲ್ಲ ಶಾಲೆಯ ಹುಡುಗನನ್ನು ಕೇಳಿದರೂ ಸರ್ಕಾರ 81 ಮತಗಳಿಂದ ಗೆದ್ದಿತೆಂದೇ ಹೇಳುತ್ತಾನೆ. ಆದರೆ ಸದನದಲ್ಲಿ ಕುಣಿದು ಕೂಗಿದವರು ಸೋತವರು. ಗೆದ್ದ ಪ್ರಧಾನಿ ನೆವಿಲ್ ಚೇಂಬರ್ಲಿನ್ ಬಿಳಿಚಿಕೊಂಡ ಮುಖದಲ್ಲಿ, ತಮ್ಮ ಪಕ್ಷದವರ ಕಾಲುಗಳನ್ನು ದಾಟಿಕೊಂಡು, ಒಬ್ಬರೇ ಹೊರನಡೆದರು. ಅದಾಗಿ ಎರಡು ದಿನ ಕಳೆಯುವಷ್ಟರಲ್ಲಿ ಅವರು ರಾಜೀನಾಮೆ ಕೊಟ್ಟಾಗಿತ್ತು.

ಗೆದ್ದವರು ಇಳಿದದ್ದೇಕೆ? ಸಂಸದೀಯ ಪದ್ಧತಿ ಎಂದರೇನು, ಅಲ್ಲಿ ಮಾತಿಗೂ ಮತಕ್ಕೂ ಏನು ಬೆಲೆ ಎಂಬುದನ್ನು ತಿಳಿಯಬಯಸುವವರು ಈ ಒಂದು ವಾರದ ಕತೆಯನ್ನು ತಿಳಿಯಲೇಬೇಕು. ಇಂಗ್ಲೆಂಡಿನ ಇತಿಹಾಸದಲ್ಲಿ ಇದು ‘ನಾರ್ವೆ ಚರ್ಚೆ’ ಎಂದು ಹೆಸರಾಗಿದೆ. ನಮಗೆ ಇದರಲ್ಲಿ ಇನ್ನೂ ಒಂದು ಕುತೂಹಲವಿದೆ. ಈ ನಾಟಕದ ಪಾತ್ರಧಾರಿಗಳಲ್ಲಿ ಹೆಚ್ಚಿನವರು ನಮ್ಮ ಸ್ವಾತಂತ್ರ್ಯ ಹೋರಾಟದ ಪುಟಗಳಿಂದ ನಮಗೆ ಆಗಲೇ ಪರಿಚಿತರು. 1928ರಲ್ಲಿ ನಮ್ಮ ಬೀದಿಗಳಲ್ಲಿ ‘ಸೈಮನ್, ಹಿಂತಿರುಗಿ ಹೋಗು’ ಎಂಬ ಕೂಗೆದ್ದಿತಲ್ಲ, ಆ ಸರ್ ಜಾನ್ ಸೈಮನ್ ಆಗ ಚೇಂಬರ್ಲಿನ್‌ರ ಹಣಕಾಸು ಮಂತ್ರಿ. 1935ರ ಭಾರತ ಸರ್ಕಾರ ಕಾಯಿದೆಯನ್ನು ಸಂಸತ್ತಿನಲ್ಲಿ ದಾಟಿಸಿದ ಸ್ಯಾಮ್ಯುಯೆಲ್ ಹೋರ್ ವಾಯುಪಡೆಯ ಮಂತ್ರಿ. ಗಾಂಧೀಜಿಯವರೊಡನೆ 1931ರಲ್ಲಿ ಒಪ್ಪಂದ ಮಾಡಿಕೊಂಡ ವೈಸರಾಯ್ ಇರ್ವಿನ್, ಈಗ ಲಾರ್ಡ್ ಹ್ಯಾಲಿಫ್ಯಾಕ್ಸ್ ಎಂಬ ಹೆಸರಿನಲ್ಲಿ ವಿದೇಶಾಂಗ ಮಂತ್ರಿ. ಆ ಒಪ್ಪಂದದ ಮಾತುಕತೆಯನ್ನು ಕಂಡು ಕೆರಳಿ ಗಾಂಧೀಜಿಯವರನ್ನು ‘ಅರೆಬೆತ್ತಲೆ ಫಕೀರ’ ಎಂದು ಜರೆದ ವಿನ್‌ಸ್ಟನ್ ಚರ್ಚಿಲ್ ನೌಕಾಪಡೆಯ ಮಂತ್ರಿ. ಎದುರು ಸಾಲಿನಲ್ಲಿ ಲೇಬರ್ ಪಕ್ಷದ ನಾಯಕರಾಗಿ ಕೂತಿದ್ದವರು ಸೈಮನ್ ಆಯೋಗದ ಸದಸ್ಯರಾಗಿ ಭಾರತ ಸುತ್ತಿದ್ದ ಕ್ಲೆಮೆಂಟ್ ಆಟ್ಲಿ.

ತಪ್ಪಿದ ಬಸ್ಸು

ಚೇಂಬರ್ಲಿನ್ ಕೆಟ್ಟ ಆಡಳಿತಗಾರರಾಗಿರಲಿಲ್ಲ. ಯುದ್ಧವನ್ನು ಮನಸಾರೆ ದ್ವೇಷಿಸುತ್ತಿದ್ದ ಮನುಷ್ಯ. 1938ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ಗೆ ಹೋಗಿ, ಜೆಕೊಸ್ಲೊವಾಕಿಯದ ಗಡಿ ಪ್ರದೇಶವನ್ನು ಹಿಟ್ಲರನಿಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿ ಬಂದಾಗ ಲಂಡನ್ನಿನ ಜನ ಜಯಘೋಷದಿಂದ ಸ್ವಾಗತಿಸಿದ್ದರು. ಆ ಶಾಂತಿ ಒಂದು ವರ್ಷವೂ ಬಾಳಲಿಲ್ಲ. 1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಘೋಷಿಸಬೇಕಾಯಿತು.

ಘೋಷಿಸಿದ್ದೇನೋ ಆಯಿತು, ಆದರೆ ಪಶ್ಚಿಮದ ಗಡಿಯಲ್ಲಿ ಏಳೆಂಟು ತಿಂಗಳು ಹೇಳಿಕೊಳ್ಳುವಂಥ ಕಾಳಗವೇ ನಡೆಯಲಿಲ್ಲ. ಈ ಹುಸಿ ಯುದ್ಧದ ಕಾಲದಲ್ಲಿ, 1940ರ ಏಪ್ರಿಲ್ 4ರಂದು, ಚೇಂಬರ್ಲಿನ್ ತಮ್ಮ ಕನ್ಸರ್ವೇಟಿವ್ ಪಕ್ಷದ ಸಭೆಯಲ್ಲಿ ಒಂದು ಮಾತನಾಡಿದರು: ‘ಹಿಟ್ಲರ್ ಬಸ್ಸು ತಪ್ಪಿಸಿಕೊಂಡಿದ್ದಾನೆ.’ ನಮಗೆ ಸಿದ್ಧವಾಗಲು ಬೇಕಾದಷ್ಟು ಸಮಯ ಸಿಕ್ಕಿತು, ಅವನಿಗೆ ಇನ್ನು ಅವಕಾಶವಿಲ್ಲ ಎಂಬುದು ಅದರ ತಾತ್ಪರ್ಯ. ಸರಿಯಾಗಿ ಐದನೆಯ ದಿನ, ಏಪ್ರಿಲ್ 9ರಂದು, ಜರ್ಮನ್ ಸೇನೆ ಡೆನ್ಮಾರ್ಕ್ ಮತ್ತು ನಾರ್ವೆಗಳ ಮೇಲೆ ಎರಗಿತು. ಡೆನ್ಮಾರ್ಕ್ ಕೆಲವೇ ಗಂಟೆಗಳಲ್ಲಿ ಶರಣಾಯಿತು. ನಾರ್ವೆಯ ಓಸ್ಲೊ, ಬರ್ಗನ್, ಟ್ರಾಂಡ್‌ಹೈಮ್, ನಾರ್ವಿಕ್ ಬಂದರುಗಳು ಜರ್ಮನರ ಕೈಸೇರಿದವು. ಸ್ವೀಡನ್ನಿನ ಕಬ್ಬಿಣದ ಅದಿರು ಚಳಿಗಾಲದಲ್ಲಿ ಜರ್ಮನಿಗೆ ಹೋಗುತ್ತಿದ್ದುದು ನಾರ್ವಿಕ್ ಮೂಲಕ. ಹೀಗಾಗಿ ಅದು ಎರಡೂ ಕಡೆಯವರಿಗೆ ಬೇಕಾಗಿದ್ದ ಜಾಗ.

ಸಮುದ್ರದ ಮೇಲೆ ಬ್ರಿಟನ್ನಿಗೆ ಸಮನಾದ ನೌಕಾಪಡೆ ಜರ್ಮನಿಗೆ ಇರಲಿಲ್ಲ. ಆದರೂ ಆದದ್ದೇ ಬೇರೆ. ಮಧ್ಯ ನಾರ್ವೆಯ ನಾಮ್‌ಸೊಸ್ ಮತ್ತು ಓಂಡಲ್ಸ್‌ನೆಸ್ ಎಂಬಲ್ಲಿ ಇಳಿದ ಬ್ರಿಟಿಷ್ ತುಕಡಿಗಳಿಗೆ ಹಿಮದ ಮೇಲೆ ಓಡಾಡುವ ಸಲಕರಣೆ ಸಾಲದು, ವಿಮಾನ ಹೊಡೆಯುವ ತೋಪುಗಳು ಸಾಲವು, ತಲೆಯ ಮೇಲೆ ತಮ್ಮ ವಿಮಾನಗಳ ಕಾವಲೂ ಇಲ್ಲ. ಎರಡು ವಾರ ಒದ್ದಾಡಿ ಮೇ ಮೊದಲ ದಿನಗಳಲ್ಲಿ ಅವು ಹಡಗು ಹತ್ತಿ ಹಿಂದಿರುಗಿದವು. ಅಲ್ಲಿಯವರೆಗೆ ಪತ್ರಿಕೆಗಳಲ್ಲಿ ಗೆಲುವಿನ ಸುದ್ದಿಯನ್ನೇ ಓದುತ್ತಿದ್ದ ಜನರಿಗೆ ಇದು ಬರಸಿಡಿಲು. ಇದರಲ್ಲಿ ಒಂದು ವಿಪರ್ಯಾಸವೂ ಇತ್ತು. ಈ ಕಾರ್ಯಾಚರಣೆಯ ದೊಡ್ಡ ಪಾಲಿನ ಹೊಣೆ ನೌಕಾಪಡೆಯ ಮಂತ್ರಿ ಚರ್ಚಿಲ್‌ರದು. ತಪ್ಪು ಲೆಕ್ಕಾಚಾರಗಳಲ್ಲಿ ಅವರ ಪಾಲು ಕಡಿಮೆಯೇನಿರಲಿಲ್ಲ. ಆದರೆ ಪೆಟ್ಟು ಬಿದ್ದದ್ದು ‘ಬಸ್ಸು’ ಮಾತಾಡಿದವರಿಗೆ.

ಮಂಗಳವಾರದ ಮಾತು

ಹಬ್ಬದ ಬಿಡುವಿಗೆ ಸದನ ಮುಂದೂಡುವ ಮೊದಲು ನಾರ್ವೆಯ ಬಗ್ಗೆ ಚರ್ಚೆಯಾಗಬೇಕೆಂದು ವಿರೋಧ ಪಕ್ಷಗಳು ಪಟ್ಟು ಹಿಡಿದವು. ಮೇ 7, ಮಂಗಳವಾರ ಮಧ್ಯಾಹ್ನ ಚರ್ಚೆ ಶುರುವಾಯಿತು. ಸದನದ ಮುಂದಿದ್ದ ಸೂಚನೆಯಲ್ಲಿ ನಾರ್ವೆಯ ಹೆಸರೂ ಇರಲಿಲ್ಲ, ಅವಿಶ್ವಾಸದ ಮಾತೂ ಇರಲಿಲ್ಲ. ‘ಸದನವನ್ನು ಈಗ ಮುಂದೂಡಬೇಕು’ ಎಂಬ ಒಂದು ಸಾಲು, ಅಷ್ಟೆ. ಅದನ್ನು ಮಂಡಿಸಿದವರೂ ಸರ್ಕಾರದ ಮುಖ್ಯ ಸಚೇತಕ ಡೇವಿಡ್ ಮಾರ್ಗೆಸನ್. ಯಾವ ವಿಷಯವನ್ನಾದರೂ ಬಿಚ್ಚಿ ಮಾತಾಡಲು ದಾರಿ ಮಾಡಿಕೊಡುವ ಹಳೆಯ ಪದ್ಧತಿ ಅದು. ನಮ್ಮ ಶಾಸನಸಭೆಗಳ ನಿಲುವಳಿ ಸೂಚನೆಯ ಹಿಂದೆಯೂ ಇದೇ ಬಗೆಯ ಪರಂಪರೆಯಿದೆ.

1935ರ ಚುನಾವಣೆಯಿಂದ ಬಂದ ಈ ಸರ್ಕಾರಕ್ಕೆ ಇನ್ನೂರಕ್ಕೂ ಮಿಕ್ಕ ಬಹುಮತವಿತ್ತು. ಮಾರ್ಗೆಸನ್‌ರ ಶಿಸ್ತು ಕಟ್ಟುನಿಟ್ಟು. ಸರ್ಕಾರ ಬೀಳುತ್ತದೆಂದು ಆ ಮಂಗಳವಾರ ಯಾರೂ ಎಣಿಸಿರಲಿಲ್ಲ. ಚೇಂಬರ್ಲಿನ್ ಎದ್ದು ನಿಂತಾಗ ಎದುರು ಸಾಲಿನಿಂದ ‘ಬಸ್ಸು ತಪ್ಪಿಸಿಕೊಂಡವರು ಯಾರು?’ ಎಂಬ ಕುಚೋದ್ಯದ ಕೂಗು. ಅವರ ಭಾಷಣ ಸಪ್ಪೆಯಾಗಿತ್ತು. ಆಮೇಲೆ ಆಟ್ಲಿ, ಲಿಬರಲ್ ಪಕ್ಷದ ಆರ್ಚಿಬಾಲ್ಡ್ ಸಿಂಕ್ಲೇರ್ ಟೀಕಿಸಿದರು. ವಿರೋಧಿಗಳು ವಿರೋಧಿಸುವುದರಲ್ಲಿ ಹೊಸತೇನು? ಹೊಸತು ಬಂದದ್ದು ಸರ್ಕಾರದ ಬೆನ್ನ ಹಿಂದಿನ ಸಾಲುಗಳಿಂದ.

ಸಂಜೆ ಸರ್ ರೋಜರ್ ಕೀಸ್ ಸದನಕ್ಕೆ ಬಂದರು. ಪೋರ್ಟ್ಸ್‌ಮತ್ ಉತ್ತರದ ಕನ್ಸರ್ವೇಟಿವ್ ಸದಸ್ಯ. ಮೊದಲ ಮಹಾಯುದ್ಧದಲ್ಲಿ 1918ರ ಝೀಬ್ರುಗ ದಾಳಿಯ ನಾಯಕ. ಮೈಮೇಲೆ ನೌಕಾಸೇನಾಧಿಪತಿಯ ಪೂರ್ಣ ಸಮವಸ್ತ್ರ, ಎದೆಯ ಮೇಲೆ ಸಾಲುಸಾಲು ಪದಕಗಳು. ಅವರು ಒಳ್ಳೆಯ ಭಾಷಣಕಾರರಲ್ಲ, ಹಾಗಾಗಿ ಬರೆದುಕೊಂಡು ಬಂದದ್ದನ್ನು ಓದಿದರು. ಸಮರ ನೌಕೆಗಳಲ್ಲಿ ಹೋರಾಡುತ್ತಿರುವ ಗೆಳೆಯರ ಪರವಾಗಿ ಮಾತಾಡಲು ಬಂದಿದ್ದೇನೆ, ಅದಕ್ಕೇ ಈ ಉಡುಪು ತೊಟ್ಟಿದ್ದೇನೆ ಎಂದರು. ಟ್ರಾಂಡ್‌ಹೈಮ್ ಬಂದರಿಗೆ ನೌಕಾಪಡೆಯನ್ನು ನುಗ್ಗಿಸಬೇಕಿತ್ತು, ನಾನೇ ಮುಂದೆ ನಿಂತು ನಡೆಸುತ್ತೇನೆಂದರೂ ಒಪ್ಪಲಿಲ್ಲ ಎಂದು ದೂರಿದರು. ಪಂಡಿತನ ವಾದಕ್ಕಿಂತ ಸೈನಿಕನ ತೊದಲು ಕೆಲವೊಮ್ಮೆ ಹೆಚ್ಚು ತೂಗುತ್ತದೆ. ಸದನ ಉಸಿರು ಬಿಗಿಹಿಡಿದು ಕೇಳಿತು.

ರಾತ್ರಿ ಎಂಟರ ಹೊತ್ತಿಗೆ ಲಿಯೊ ಅಮೆರಿ ಎದ್ದರು. ಇವರು ಹುಟ್ಟಿದ್ದು 1873ರಲ್ಲಿ ನಮ್ಮ ಗೋರಖಪುರದಲ್ಲಿ. ಬರ್ಮಿಂಗ್‌ಹ್ಯಾಮ್‌ನ ಒಂದು ಕ್ಷೇತ್ರದಿಂದ ಇವರು, ಅದೇ ಊರಿನ ಇನ್ನೊಂದು ಕ್ಷೇತ್ರದಿಂದ ಚೇಂಬರ್ಲಿನ್. ಚೇಂಬರ್ಲಿನ್‌ರ ತಂದೆ ಜೋಸೆಫ್ ಚೇಂಬರ್ಲಿನ್ ಅಮೆರಿಯವರ ರಾಜಕೀಯ ಗುರು. ಇಷ್ಟು ಹತ್ತಿರದವರು ಎದುರು ನಿಂತದ್ದು. ಊಟದ ಹೊತ್ತಾದ್ದರಿಂದ ಸದನ ಅರೆಬರೆ ಖಾಲಿಯಾಗಿತ್ತು. ಸದಸ್ಯ ಕ್ಲೆಮೆಂಟ್ ಡೇವಿಸ್ ಅಮೆರಿಯವರಿಗೆ ಮಾತು ಮುಂದುವರಿಸಲು ಹೇಳಿ, ಮೊಗಸಾಲೆ, ಗ್ರಂಥಾಲಯಗಳಿಗೆ ಓಡಾಡಿ ಕೇಳುಗರನ್ನು ಕೂಡಿಸಿ ತಂದರು.

ಅಮೆರಿಯವರ ಬಳಿ ಒಂದು ಅಸ್ತ್ರವಿತ್ತು. 1653ರಲ್ಲಿ ಆಲಿವರ್ ಕ್ರಾಮ್‌ವೆಲ್, ಅವಧಿ ಮೀರಿ ಕುಳಿತಿದ್ದ ಅಂದಿನ ಸಂಸತ್ತನ್ನು ಓಡಿಸುವಾಗ ಆಡಿದನೆಂದು ಹೇಳುವ ಮಾತು. ಅದನ್ನು ಬಳಸಬೇಕೇ ಬೇಡವೇ ಎಂದು ಕೊನೆಯ ಗಳಿಗೆಯವರೆಗೂ ಅವರು ನಿರ್ಧರಿಸಿರಲಿಲ್ಲ. ಸದನದ ನಾಡಿ ನೋಡಿ ನಿರ್ಧರಿಸಿದರು. ಹಳೆಯ ಗೆಳೆಯರ ಬಗ್ಗೆ ಆಡುತ್ತಿರುವುದರಿಂದ ಅಳುಕುತ್ತಲೇ ಆಡುತ್ತಿದ್ದೇನೆ ಎಂದು ಪೀಠಿಕೆ ಹಾಕಿ, ಆ ಮಾತನ್ನು ಉದ್ಧರಿಸಿದರು: ನೀವು ಮಾಡಿದ ಒಳಿತಿಗೆ ಹೋಲಿಸಿದರೆ ಇಲ್ಲಿ ಕುಳಿತದ್ದೇ ಬಹಳವಾಯಿತು, ಹೊರಡಿ, ನಿಮ್ಮ ಸಹವಾಸ ಇಲ್ಲಿಗೆ ಮುಗಿಯಲಿ, ದೇವರ ಹೆಸರಿನಲ್ಲಿ ಹೇಳುತ್ತೇನೆ, ತೊಲಗಿ!

ಈ ಮಾತು ವಿರೋಧಿಯ ಬಾಯಿಂದ ಬಂದಿದ್ದರೆ ಗದ್ದಲವಾಗಿ ಮುಗಿಯುತ್ತಿತ್ತು. ಗೆಳೆಯನ ಬಾಯಿಂದ ಬಂದದ್ದರಿಂದ ತೀರ್ಪಿನಂತೆ ಕೇಳಿಸಿತು.

ಬುಧವಾರದ ಮತ

ಲೇಬರ್ ಪಕ್ಷ ಅಲ್ಲಿಯವರೆಗೂ ಮತಕ್ಕೆ ಹಾಕುವ ಬಗ್ಗೆ ಹಿಂದೆಮುಂದೆ ನೋಡುತ್ತಿತ್ತು. ಅದಕ್ಕೆ ಕಾರಣವಿತ್ತು. ಮತಕ್ಕೆ ಹಾಕಿದರೆ ಆಡಳಿತ ಪಕ್ಷದವರು ಒಟ್ಟಾಗಿಬಿಡುತ್ತಾರೆ, ದೊಡ್ಡ ಅಂತರದಿಂದ ಗೆದ್ದ ಸರ್ಕಾರ ಇನ್ನಷ್ಟು ಭದ್ರವಾಗುತ್ತದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂಬ ಮಾತು ನಮ್ಮಲ್ಲಿದೆಯಲ್ಲ, ಹಾಗೆ. ಮಂಗಳವಾರದ ಮಾತುಗಳನ್ನು ಕೇಳಿದ ಮೇಲೆ ಅವರಿಗೆ ಧೈರ್ಯ ಬಂತು. ಮೇ 8ರ ಬೆಳಿಗ್ಗೆ ನಿರ್ಧಾರವಾಯಿತು. ಮಧ್ಯಾಹ್ನ ಹರ್ಬರ್ಟ್ ಮಾರಿಸನ್ ಸದನದಲ್ಲಿ ಅದನ್ನು ಪ್ರಕಟಿಸಿದರು.

ಆಗ ಚೇಂಬರ್ಲಿನ್ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡರು. ಥಟ್ಟನೆ ಎದ್ದು, ಸವಾಲನ್ನು ಸ್ವೀಕರಿಸುತ್ತೇನೆ, ಈ ಸದನದಲ್ಲಿ ನನಗೆ ಗೆಳೆಯರಿದ್ದಾರೆ, ಯಾರು ನಮ್ಮೊಂದಿಗಿದ್ದಾರೆ ಯಾರು ಇಲ್ಲ ಎಂಬುದು ಗೊತ್ತಾಗಲಿ, ಇಂದು ರಾತ್ರಿ ನಮ್ಮ ಪರ ಮತ ಹಾಕುವಂತೆ ಗೆಳೆಯರನ್ನು ಕರೆಯುತ್ತೇನೆ ಎಂದುಬಿಟ್ಟರು. ದೇಶ ಅಳಿವು ಉಳಿವಿನ ಅಂಚಿನಲ್ಲಿ ನಿಂತಿರುವಾಗ ಪ್ರಧಾನಿ ಗೆಳೆತನದ ಲೆಕ್ಕ ಹೇಳುತ್ತಿದ್ದಾರೆ ಎಂದು ಅವರ ಪಕ್ಷದವರಿಗೇ ಕಸಿವಿಸಿಯಾಯಿತು.

ಆ ಮಾತಿಗೆ ಉತ್ತರ ಕೊಟ್ಟವರು ಮೊದಲ ಮಹಾಯುದ್ಧ ಕಾಲದ ಪ್ರಧಾನಿ, ಎಪ್ಪತ್ತೇಳು ವರ್ಷದ ಲಾಯ್ಡ್ ಜಾರ್ಜ್. ಅವರಿಗೂ ಚೇಂಬರ್ಲಿನ್‌ರಿಗೂ ಎರಡು ದಶಕಗಳ ಹಗೆತನ. ಪ್ರಶ್ನೆ ಪ್ರಧಾನಿಯ ಗೆಳೆಯರು ಯಾರೆಂಬುದಲ್ಲ ಎಂದರು ಮುದುಕ. ಪ್ರಧಾನಿ ಜನರಿಂದ ತ್ಯಾಗ ಕೇಳಿದ್ದಾರೆ; ಅವರೇ ತಮ್ಮ ಪದವಿಯನ್ನು ತ್ಯಾಗ ಮಾಡಿ ಮೇಲ್ಪಂಕ್ತಿ ಹಾಕಲಿ, ಗೆಲುವಿಗೆ ಅದಕ್ಕಿಂತ ದೊಡ್ಡ ಕಾಣಿಕೆ ಇನ್ನೊಂದಿಲ್ಲ ಎಂದರು. ಚರ್ಚಿಲ್ ಎದ್ದು ನಾರ್ವೆಯ ಹೊಣೆಯಲ್ಲಿ ನನ್ನ ಪಾಲೂ ಇದೆ ಎಂದಾಗ, ಸಹೋದ್ಯೋಗಿಗಳಿಗೆ ಚೂರು ತಾಗದಂತೆ ತಡೆಯುವ ಬಾಂಬ್ ಆಸರೆಯಾಗಬೇಡಿ ಎಂದು ಚುಚ್ಚಿದರು. ಸದನ ನಕ್ಕಿತು. ಆ ನಗೆಯಲ್ಲಿ ಚೇಂಬರ್ಲಿನ್ ಮತ್ತು ಚರ್ಚಿಲ್ ಬೇರೆ ಬೇರೆಯಾದರು.

ತೆರೆಮರೆಯಲ್ಲಿ ಒತ್ತಡವೂ ನಡೆದಿತ್ತು. ಚೇಂಬರ್ಲಿನ್‌ರ ಸಂಸದೀಯ ಸಹಾಯಕ ಲಾರ್ಡ್ ಡನ್‌ಗ್ಲಾಸ್ ಮತ್ತಿತರರು ಅತೃಪ್ತರನ್ನು ಹುಡುಕಿ ಹುಡುಕಿ, ಇವತ್ತು ನಮ್ಮ ಪರ ಮತ ಹಾಕಿ, ನಾಳೆ ಪ್ರಧಾನಿ ನಿಮ್ಮನ್ನು ಕಾಣುತ್ತಾರೆ, ಸಂಪುಟ ಬದಲಾಗುತ್ತದೆ ಎಂದು ಪುಸಲಾಯಿಸಿದರು. ‘ತಡವಾಯಿತು’ ಎಂಬುದೇ ಹೆಚ್ಚಿನವರ ಉತ್ತರ. ರಾತ್ರಿ ಹತ್ತು ದಾಟಿದ ಮೇಲೆ ಚರ್ಚೆಗೆ ಉತ್ತರ ಕೊಡಲು ಎದ್ದವರು ಚರ್ಚಿಲ್. ಮನಸ್ಸಿನಲ್ಲಿ ಏನೇ ಇರಲಿ, ತಾವು ಸದಸ್ಯರಾಗಿದ್ದ ಸರ್ಕಾರವನ್ನು ಬಲವಾಗಿಯೇ ಸಮರ್ಥಿಸಿದರು.

ಅಲ್ಲಿ ಮತ ಹಾಕುವ ಕ್ರಮವನ್ನು ಇಲ್ಲಿ ಹೇಳಬೇಕು. ಗುಂಡಿ ಒತ್ತುವುದಿಲ್ಲ, ಚೀಟಿ ಹಾಕುವುದಿಲ್ಲ. ಸದನದ ಎರಡು ಪಕ್ಕಗಳಲ್ಲಿ ಎರಡು ಮೊಗಸಾಲೆಗಳಿವೆ. ಹೌದೆನ್ನುವವರಿಗೆ ಒಂದು, ಅಲ್ಲವೆನ್ನುವವರಿಗೆ ಒಂದು. ಸದಸ್ಯರು ಎದ್ದು ನಡೆದುಹೋಗಬೇಕು. ಬಾಗಿಲಲ್ಲಿ ತಲೆ ಎಣಿಸುತ್ತಾರೆ. ಅಂದರೆ ಪಕ್ಷದ ವಿರುದ್ಧ ಮತ ಹಾಕುವವನು ಗೆಳೆಯರ ಕಣ್ಣೆದುರಿನಲ್ಲೇ ತನ್ನವರನ್ನು ಬಿಟ್ಟು ಎದುರಾಳಿಗಳ ಜೊತೆ ಹೆಜ್ಜೆ ಹಾಕಬೇಕು. ಆ ಹತ್ತಿಪ್ಪತ್ತು ಹೆಜ್ಜೆಗಳೇ ಅಗ್ನಿಪರೀಕ್ಷೆ.

ಅಂದು ಸರ್ಕಾರದ ಕಡೆಯ ಸುಮಾರು ನಲವತ್ತು ಸದಸ್ಯರು ಆ ಹೆಜ್ಜೆಗಳನ್ನು ನಡೆದರು. ಹತ್ತಾರು ಮಂದಿ ಮತ ಹಾಕಲೇ ಇಲ್ಲ. ಎದುರು ಮೊಗಸಾಲೆಗೆ ಹೋದವರಲ್ಲಿ ಯುದ್ಧರಂಗಕ್ಕೆ ಸೇರಿದ್ದ, ಸಮವಸ್ತ್ರದಲ್ಲೇ ಬಂದಿದ್ದ ಯುವಕರಿದ್ದರು. ಕಾಮನ್ಸ್‌ನಲ್ಲಿ ಪೀಠವೇರಿದ ಮೊದಲ ಮಹಿಳೆ ನ್ಯಾನ್ಸಿ ಆಸ್ಟರ್ ಇದ್ದರು. ಮುಂದೆ ಪ್ರಧಾನಿಯಾದ ಹೆರಾಲ್ಡ್ ಮ್ಯಾಕ್‌ಮಿಲನ್ ಇದ್ದರು. ಕೆಲವೇ ವಾರಗಳ ಹಿಂದೆ ಉಪಚುನಾವಣೆಯಲ್ಲಿ ಗೆದ್ದು ಬಂದಿದ್ದ, ಸದನದಲ್ಲೇ ಅತಿ ಕಿರಿಯರಾದ ಇಪ್ಪತ್ತೈದರ ಜಾನ್ ಪ್ರೊಫ್ಯೂಮೊ ಇದ್ದರು. ಮುಖ್ಯ ಸಚೇತಕರಿಂದ ಅವರು ಹೊಲಸು ಬೈಗುಳವನ್ನೇ ತಿನ್ನಬೇಕಾಯಿತು. ಇನ್ನೂರು ದಾಟಬೇಕಾಗಿದ್ದ ಅಂತರ 81ಕ್ಕೆ ಇಳಿಯಿತು. ಸದನದಲ್ಲಿ ‘ಹೊರಡಿ, ಹೊರಡಿ’ ಎಂಬ ಕೂಗು. ಒಬ್ಬರು ದೇಶಭಕ್ತಿ ಗೀತೆಯನ್ನೇ ಹಾಡಲು ಹೊರಟರು.

ಗುರುವಾರದ ಮೌನ, ಶುಕ್ರವಾರದ ಸಿಡಿಲು

ಯಾವ ಕಾನೂನಿನ ಪ್ರಕಾರವೂ ಚೇಂಬರ್ಲಿನ್ ಇಳಿಯಬೇಕಾಗಿರಲಿಲ್ಲ. ಆದರೆ ಎಲ್ಲ ಪಕ್ಷಗಳೂ ಸೇರಿದ ಸರ್ಕಾರವಿಲ್ಲದೆ ಯುದ್ಧ ನಡೆಸಲಾಗದು ಎಂಬುದು ಆ ಮತದಿಂದ ಸ್ಪಷ್ಟವಾಗಿತ್ತು. ಕಾರ್ಖಾನೆಗಳಲ್ಲಿ ಕೆಲಸಗಾರರ ಸಹಕಾರ ಬೇಕು, ಅದಕ್ಕೆ ಲೇಬರ್ ಪಕ್ಷ ಬೇಕು. ಲೇಬರ್‌ನವರೋ ಚೇಂಬರ್ಲಿನ್‌ರ ಕೈಕೆಳಗೆ ಬರಲೊಲ್ಲರು.

ಹಾಗಾದರೆ ಯಾರು? ಹ್ಯಾಲಿಫ್ಯಾಕ್ಸ್, ಇಲ್ಲವೇ ಚರ್ಚಿಲ್. ಪಕ್ಷದ ಹಿರಿಯರಿಗೆ, ಅರಸ ಆರನೆಯ ಜಾರ್ಜ್‌ಗೆ, ಸ್ವತಃ ಚೇಂಬರ್ಲಿನ್‌ರಿಗೆ ಹ್ಯಾಲಿಫ್ಯಾಕ್ಸ್ ಮೇಲೆಯೇ ಒಲವು. ಮೇ 9ರ ಗುರುವಾರ ಸಂಜೆ ನಾಲ್ಕೂವರೆಗೆ ಡೌನಿಂಗ್ ಬೀದಿಯಲ್ಲಿ ಚೇಂಬರ್ಲಿನ್, ಹ್ಯಾಲಿಫ್ಯಾಕ್ಸ್, ಚರ್ಚಿಲ್, ಮಾರ್ಗೆಸನ್ ಕೂತರು. ಮುಂದೆ ಬರೆದ ಗ್ರಂಥದಲ್ಲಿ ಚರ್ಚಿಲ್ ಈ ಸಭೆಯ ದಿನವನ್ನೇ ತಪ್ಪಾಗಿ ಕೊಟ್ಟಿದ್ದಾರೆ. ತಾವು ಏನೂ ಆಡದೆ ಕುಳಿತ ದೀರ್ಘ ಮೌನವನ್ನು ಮಾತ್ರ ಮರೆತಿಲ್ಲ. ಕೊನೆಗೆ ಹ್ಯಾಲಿಫ್ಯಾಕ್ಸ್ ತಾವೇ ಹಿಂದೆ ಸರಿದರು. ತಾನು ಮೇಲ್ಮನೆಯಾದ ಲಾರ್ಡ್ಸ್ ಸಭೆಯವನು, ಕೆಳಮನೆಗೆ ಕಾಲಿಡುವಂತಿಲ್ಲ. ಕಾಳಗದ ಕಾಲದಲ್ಲಿ ಸದನದ ಹೊರಗಿನ ಪ್ರಧಾನಿ ಹೆಸರಿಗಷ್ಟೇ ಪ್ರಧಾನಿಯಾಗುತ್ತಾನೆ ಎಂಬುದು ಅವರ ವಾದ. 1902ರಲ್ಲಿ ಲಾರ್ಡ್ ಸಾಲ್ಸ್‌ಬರಿ ಇಳಿದ ಮೇಲೆ ಮೇಲ್ಮನೆಯ ಯಾರೂ ಪ್ರಧಾನಿಯಾಗಿರಲಿಲ್ಲ. ಇದಕ್ಕೊಂದು ಸೋಜಿಗದ ಬಾಲಂಗೋಚಿಯಿದೆ. ಮತಕ್ಕಾಗಿ ಮೊಗಸಾಲೆ ಅಲೆದ ಡನ್‌ಗ್ಲಾಸ್ ತಂದೆಯ ನಂತರ ಲಾರ್ಡ್ ಹೋಮ್ ಆದರು. 1963ರಲ್ಲಿ ಪ್ರಧಾನಿಯಾಗಬೇಕಾದಾಗ ಅದೇ ವರ್ಷ ಬಂದಿದ್ದ ಹೊಸ ಕಾಯಿದೆಯಂತೆ ಲಾರ್ಡ್ ಪದವಿಯನ್ನೇ ಬಿಟ್ಟುಕೊಟ್ಟು ಕೆಳಮನೆಗೆ ಬಂದರು.

ಅದೇ ಸಂಜೆ ಆಟ್ಲಿ ಮತ್ತು ಆರ್ಥರ್ ಗ್ರೀನ್‌ವುಡ್‌ರನ್ನು ಕರೆಸಿ ಎರಡು ಪ್ರಶ್ನೆ ಕೇಳಿದರು. ಚೇಂಬರ್ಲಿನ್‌ರ ಕೆಳಗೆ ಸರ್ಕಾರ ಸೇರುತ್ತೀರಾ? ಬೇರೊಬ್ಬರ ಕೆಳಗಾದರೆ? ಪಕ್ಷದ ಸಮ್ಮೇಳನ ನಡೆಯಲಿದ್ದ ಬೋರ್ನ್‌ಮತ್‌ಗೆ ಹೋಗಿ, ಕಾರ್ಯಕಾರಿ ಸಮಿತಿಯನ್ನು ಕೇಳಿ ಹೇಳುತ್ತೇವೆ ಎಂದರು ಅವರು.

ಶುಕ್ರವಾರ, ಮೇ 10. ಬೆಳಗಾಗುವ ಮುನ್ನವೇ ಜರ್ಮನ್ ಸೇನೆ ಹಾಲೆಂಡ್, ಬೆಲ್ಜಿಯಂ, ಲಕ್ಸೆಂಬರ್ಗ್‌ಗಳಿಗೆ ನುಗ್ಗಿತು. ಹುಸಿ ಯುದ್ಧ ಮುಗಿಯಿತು. ಇಂಥ ಹೊತ್ತಿನಲ್ಲಿ ಪ್ರಧಾನಿ ಬದಲಾಗಬಾರದು, ನಾನೇ ಮುಂದುವರಿಯಬೇಕು ಎಂದು ಚೇಂಬರ್ಲಿನ್‌ರಿಗೆ ಅನ್ನಿಸಿತು. ಯುದ್ಧ ಬಂತೆಂದರೆ ಕುರ್ಚಿ ಗಟ್ಟಿಯಾಗುವುದು ಲೋಕದ ರೂಢಿ. ಆದರೆ ಅವರ ಆಪ್ತ ಸಹೋದ್ಯೋಗಿ ಕಿಂಗ್ಸ್‌ಲಿ ವುಡ್ ಅವರೇ ಎದುರು ನಿಂತು ಹೇಳಿದರು: ಯುದ್ಧ ಬಂದಿರುವುದರಿಂದಲೇ ನೀವು ಹೋಗಬೇಕು. ಸಂಜೆ ಬೋರ್ನ್‌ಮತ್‌ನಿಂದ ದೂರವಾಣಿಯಲ್ಲಿ ಉತ್ತರ ಬಂತು: ಹೊಸ ಪ್ರಧಾನಿಯಾದರೆ ಬರುತ್ತೇವೆ. ಚೇಂಬರ್ಲಿನ್ ಅರಮನೆಗೆ ಹೋಗಿ ರಾಜೀನಾಮೆ ಕೊಟ್ಟರು. ಅರಸರು ಹ್ಯಾಲಿಫ್ಯಾಕ್ಸ್ ಹೆಸರೆತ್ತಿದಾಗ, ಆಗದು, ಚರ್ಚಿಲ್‌ರನ್ನು ಕರೆಸಿ ಎಂದರು. ಅಂದೇ ಸಂಜೆ ಚರ್ಚಿಲ್ ಪ್ರಧಾನಿಯಾದರು.

ಮೇ 13ರಂದು ಹೊಸ ಪ್ರಧಾನಿ ಸದನಕ್ಕೆ ಬಂದು, ನೆತ್ತರು, ದುಡಿಮೆ, ಕಣ್ಣೀರು, ಬೆವರು ಬಿಟ್ಟು ಕೊಡಲು ನನ್ನಲ್ಲಿ ಬೇರೇನೂ ಇಲ್ಲವೆಂದರು. ಅಂದು ಕನ್ಸರ್ವೇಟಿವ್ ಸಾಲುಗಳಿಂದ ಹೆಚ್ಚಿನ ಹರ್ಷೋದ್ಗಾರ ಸಿಕ್ಕಿದ್ದು ಚರ್ಚಿಲ್‌ರಿಗಲ್ಲ, ಚೇಂಬರ್ಲಿನ್‌ರಿಗೆ. ಕೆಳಗಿಳಿಸಿದವರನ್ನೇ ಗೌರವಿಸಿ ಕಳುಹಿಸುವ ಸೌಜನ್ಯವೆನ್ನಿ, ಪಶ್ಚಾತ್ತಾಪವೆನ್ನಿ. ಚೇಂಬರ್ಲಿನ್ ಕೂಡ ಮುನಿಸಿ ಮನೆಗೆ ಹೋಗಲಿಲ್ಲ. ಚರ್ಚಿಲ್‌ರ ಯುದ್ಧ ಸಂಪುಟದಲ್ಲಿ ದುಡಿದರು. ಮೇ ಕೊನೆಯಲ್ಲಿ ಫ್ರಾನ್ಸ್ ಕುಸಿಯುತ್ತಿರುವಾಗ, ಇಟಲಿಯ ಮಧ್ಯಸ್ಥಿಕೆಯಲ್ಲಿ ಸಂಧಾನದ ದಾರಿ ನೋಡೋಣವೆಂದು ಹ್ಯಾಲಿಫ್ಯಾಕ್ಸ್ ಒತ್ತಾಯಿಸಿದಾಗ, ಚೇಂಬರ್ಲಿನ್ ಕೊನೆಗೆ ನಿಂತದ್ದು ಚರ್ಚಿಲ್ ಪಕ್ಕದಲ್ಲಿ. ಅದೇ ನವೆಂಬರ್ 9ರಂದು ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು.

ಕೇಳದ ಇನ್ನೊಂದು ಕೂಗು

ಇಲ್ಲಿಗೆ ಕತೆ ಮುಗಿಸಿದರೆ ಪ್ರಜಾಪ್ರಭುತ್ವದ ಸೊಗಸಾದ ನೀತಿಕತೆಯಾಗುತ್ತದೆ. ನಮ್ಮ ಕಣ್ಣಿಂದ ನೋಡಿದರೆ ಅದಕ್ಕೆ ಇನ್ನೊಂದು ಮುಖವಿದೆ.

1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೊ ಭಾರತವೂ ಯುದ್ಧದಲ್ಲಿದೆ ಎಂದು ಘೋಷಿಸಿದರು. ನಮ್ಮ ಒಬ್ಬ ಪ್ರತಿನಿಧಿಯನ್ನೂ ಕೇಳಲಿಲ್ಲ. ಪ್ರತಿಭಟಿಸಿ ಪ್ರಾಂತ್ಯಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಸೇರಿದ್ದ ಮುಂಬಯಿ ಪ್ರಾಂತ್ಯದ ಬಿ. ಜಿ. ಖೇರ್ ಸರ್ಕಾರವೂ ಅವುಗಳಲ್ಲೊಂದು. ಸೇನೆ ಸೇರಿ ಆ ಯುದ್ಧದಲ್ಲಿ ದುಡಿದ ಭಾರತೀಯರು ಸುಮಾರು 25 ಲಕ್ಷ. ಅವರ ಬದುಕು ಸಾವು ನಿರ್ಧಾರವಾಗುತ್ತಿದ್ದ ಆ ಸದನದಲ್ಲಿ ಮೇ 8ರ ರಾತ್ರಿ ಅವರ ಪರವಾಗಿ ಯಾವ ಮೊಗಸಾಲೆಗೂ ನಡೆಯಬಲ್ಲ ಒಬ್ಬ ಭಾರತೀಯನಿರಲಿಲ್ಲ.

ಚರ್ಚಿಲ್ ತಮ್ಮ ಸಂಪುಟದಲ್ಲಿ ಅಮೆರಿಯವರಿಗೆ ಕೊಟ್ಟದ್ದು ಭಾರತದ ಖಾತೆ. ಅವರು ಬಯಸಿದ್ದು ಅದನ್ನಲ್ಲ, ಆದರೂ ಒಪ್ಪಿಕೊಂಡರು. ಚೇಂಬರ್ಲಿನ್‌ರಿಗೆ ‘ತೊಲಗಿ’ ಎಂದ ಮೂರು ತಿಂಗಳಿಗೆ, ಆಗಸ್ಟ್ 8ರಂದು, ವೈಸರಾಯರ ಮೂಲಕ ‘ಆಗಸ್ಟ್ ಕೊಡುಗೆ’ ಬಂತು: ಸಂವಿಧಾನದ ಮಾತು ಯುದ್ಧ ಮುಗಿದ ಮೇಲೆ. ಕಾಂಗ್ರೆಸ್ ಅದನ್ನು ತಿರಸ್ಕರಿಸಿತು. ಇನ್ನೆರಡು ವರ್ಷಕ್ಕೆ, 1942ರ ಆಗಸ್ಟ್ 8ರಂದು, ಮುಂಬಯಿಯಲ್ಲಿ ಇನ್ನೊಂದು ಕೂಗೆದ್ದಿತು: ‘ಭಾರತ ಬಿಟ್ಟು ತೊಲಗಿ.’ ಸಾರದಲ್ಲಿ ಅದು ಅಮೆರಿ ಆಡಿದ ಮಾತೇ. ಸಾಕಾಯಿತು, ಕುಳಿತದ್ದು ಬಹಳವಾಯಿತು, ಹೊರಡಿ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಆ ಮಾತಾಡಿದವರು ಮಂತ್ರಿಯಾದರು, ಇಲ್ಲಿ ಆಡಿದವರು ಸೆರೆಮನೆ ಸೇರಿದರು. ಗಾಂಧೀಜಿ, ನೆಹರೂ ಮೊದಲಾಗಿ ನಾಯಕರನ್ನೆಲ್ಲ ಮರುದಿನ ಬೆಳಗಾಗುವಾಗಲೇ ಬಂಧಿಸಿದ ಸರ್ಕಾರದಲ್ಲಿ ಭಾರತದ ಮಂತ್ರಿ ಅದೇ ಅಮೆರಿ. ಆ ಕಿಚ್ಚಿನಲ್ಲೇ 1943ರಲ್ಲಿ ಹಾವೇರಿ ಬಳಿಯ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ ಗುಂಡಿಗೆ ಬಲಿಯಾದರು.

ಅಮೆರಿಯವರನ್ನು ಕಲ್ಲೆದೆಯವರೆಂದು ಹೇಳುವುದು ನ್ಯಾಯವಲ್ಲ. 1943ರ ಬಂಗಾಳದ ಬರದಲ್ಲಿ ಲಕ್ಷಾಂತರ ಜನ ಸಾಯುತ್ತಿದ್ದಾಗ ಧಾನ್ಯದ ಹಡಗುಗಳಿಗಾಗಿ ಅವರು ಸಂಪುಟದಲ್ಲಿ ಮತ್ತೆ ಮತ್ತೆ ಕೇಳಿದರು, ಸಿಕ್ಕಿದ್ದು ಅಲ್ಪ. ಭಾರತದ ಬಗ್ಗೆ ಚರ್ಚಿಲ್‌ರ ಧೋರಣೆಯನ್ನು ಕಂಡು ರೋಸಿ ದಿನಚರಿಯಲ್ಲಿ ಬರೆದುಕೊಂಡರು. ಆದರೆ 1940ರ ಮೇ ತಿಂಗಳಿನ ಆ ಮಾತು ಈ ಬಾರಿ ಅವರ ಬಾಯಿಂದ ಹೊರಡಲಿಲ್ಲ. ಕೊನೆಗೆ ನಮ್ಮ ಸ್ವಾತಂತ್ರ್ಯದ ಕಾಯಿದೆ ಅದೇ ಸಂಸತ್ತಿನಲ್ಲಿ 1947ರಲ್ಲಿ ಅಂಗೀಕಾರವಾದದ್ದು ಆಟ್ಲಿಯವರ ಕಾಲದಲ್ಲಿ.

ಎಣಿಕೆಗೆ ಸಿಗದ ಲೆಕ್ಕ

ಆ ಸಂಸದೀಯ ಪದ್ಧತಿಯನ್ನು ನಾವೂ ಆರಿಸಿಕೊಂಡೆವು. ಹಾಗಾಗಿ ಆ ರಾತ್ರಿಯ ಮತ ನಮಗೂ ಒಂದು ಪ್ರಶ್ನೆ ಕೇಳುತ್ತದೆ. ನಮ್ಮಲ್ಲಿ 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿಯಿಂದ ಪಕ್ಷಾಂತರ ನಿಷೇಧ ಬಂತು. ಪಕ್ಷದ ಆದೇಶಕ್ಕೆ ವಿರುದ್ಧವಾಗಿ ಮತ ಹಾಕಿದವರು ಮಾತ್ರವಲ್ಲ, ಮತ ಹಾಕದೆ ಉಳಿದವರೂ ಸದಸ್ಯತ್ವಕ್ಕೆ ಎರವಾಗಬಹುದು. ಬೆಳಿಗ್ಗೆ ಒಂದು ಪಕ್ಷ, ಸಂಜೆ ಒಂದು ಪಕ್ಷ ಎಂಬಂತಿದ್ದ ಕಾಲವನ್ನು ಕಂಡವರು ಅಂಥ ಕಾನೂನು ಬೇಡವಿತ್ತೆಂದು ಹೇಳಲಾರರು. ಆದರೆ ಪಕ್ಷ ಬಿಡುವುದು ಬೇರೆ, ಪಕ್ಷದೊಳಗಿದ್ದೇ ಅಲ್ಲವೆನ್ನುವುದು ಬೇರೆ. ಅಮೆರಿ, ಕೀಸ್, ಮ್ಯಾಕ್‌ಮಿಲನ್, ಪ್ರೊಫ್ಯೂಮೊ ಯಾರೂ ಆ ರಾತ್ರಿ ಪಕ್ಷ ಬಿಡಲಿಲ್ಲ. ಮರುದಿನವೂ ಅವರು ಕನ್ಸರ್ವೇಟಿವ್ ಸದಸ್ಯರೇ. ನಮ್ಮ ಕಾನೂನಿನ ತಕ್ಕಡಿಯಲ್ಲಿ ಇಬ್ಬರೂ ಒಂದೇ ತೂಕ. ಹಣಕ್ಕೆ, ಪದವಿಗೆ ಪಕ್ಷ ಬಿಡುವವನನ್ನು ತಡೆಯುವ ಬೇಲಿ, ಆತ್ಮಸಾಕ್ಷಿಗಾಗಿ ಹತ್ತು ಹೆಜ್ಜೆ ನಡೆಯುವವನನ್ನೂ ತಡೆಯುತ್ತದೆ.

ಆ ಚರ್ಚೆ ನಡೆದ ಸಭಾಂಗಣ ಈಗ ಇಲ್ಲ. ಚೇಂಬರ್ಲಿನ್ ಇಳಿದು ಸರಿಯಾಗಿ ಒಂದು ವರ್ಷಕ್ಕೆ, 1941ರ ಮೇ 10ರ ರಾತ್ರಿ, ಜರ್ಮನ್ ಬಾಂಬು ಬಿದ್ದು ಅದು ಸುಟ್ಟುಹೋಯಿತು. ಇಂದು ಕಾಣುವುದು 1950ರಲ್ಲಿ ಮತ್ತೆ ತೆರೆದ ಕಟ್ಟಡ. ಎರಡು ಪಕ್ಕದ ಮೊಗಸಾಲೆಗಳನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದಾರೆ. ಬಹುಮತ ಎಷ್ಟೆಂದು ಎಣಿಸುವುದು ಬಾಗಿಲಲ್ಲಿ ನಿಂತವರಿಗೆ ಸುಲಭ. ನಂಬಿಕೆ ಎಷ್ಟು ಉಳಿದಿದೆ ಎಂಬುದನ್ನು ಗೆದ್ದವರೇ ಎಣಿಸಿಕೊಳ್ಳಬೇಕು. ಆ ಲೆಕ್ಕವನ್ನು ತಡವಾಗಿಯಾದರೂ ಮಾಡಿದ್ದಕ್ಕಾಗಿ ಚೇಂಬರ್ಲಿನ್‌ರಿಗೆ ಅಷ್ಟು ಮರ್ಯಾದೆ ಸಲ್ಲಬೇಕು.